ನಿಮ್ಮೂರಾಗ ಕಾಡೆಲ್ಲೈತಿ?

ಹಾನಗಲ್ಲಿನವಳು, ವನ್ಯಜೀವಿ ಸಂಶೋಧನೆ ಮಾಡಿದವಳು ಎಂದು ಪರಿಚಯ ಹೇಳಿದ ಕೂಡಲೇ ಬರುವ ಪ್ರಶ್ನೆ ಇದು. ಧಾರವಾಡದವರು ನೇರವಾಗಿ ಕೇಳುತ್ತಾರೆ, ಬೆಂಗಳೂರಿನವರು ಸುತ್ತಿ ಬಳಸಿ ಕೇಳುತ್ತಾರೆ. ಬಂಡೀಪುರ, ನಾಗರಹೊಳೆ, ಹೋಗಲಿ ದಾಂಡೇಲಿ ಎಂದಿದ್ದರೂ ಅವರಿಗೆ ಸಮಾಧಾನವಾಗುತ್ತಿತ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದರೆ ಜನರಿಗೆ ವೀಳ್ಯದೆಲೆ ನೆನಪಾಗುತ್ತದೆ, ಸವಣೂರ ಖಾರ ನೆನಪಾಗುತ್ತದೆ, ಹೋರಿ ಬೆದರಿಸುವ ಹಬ್ಬ ನೆನಪಾಗುತ್ತದೆ. ಕಾಡುಪ್ರಾಣಿ ನೆನಪಾಗುವುದಿಲ್ಲ. ಆದರೆ ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ಆನೆ ಇದೆ, ತೋಳ, ಚಿಗರಿ, ನವಿಲು, ಬಾವಲಿ ಎಲ್ಲ ಇವೆ. ಅದೇ ಪುಟಗಳಲ್ಲಿ ಭತ್ತ, ಗೋವಿನಜೋಳ, ಶೇಂಗಾ, ಕುರಿ ಎಂದೂ ಬರೆದಿದೆ. ಈ ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿ ಓದಲು ಬರುವುದಿಲ್ಲ ಎಂಬುದೊಂದನ್ನೇ ನಾನು ಇಷ್ಟು ವರ್ಷಗಳಲ್ಲಿ ಖಾತ್ರಿಯಾಗಿ ಕಲಿತದ್ದು.

ಈ ನಾಲ್ಕು ತಾಲೂಕುಗಳು ಸಂಶೋಧನೆಯ ಕ್ಷೇತ್ರವಾಗುವುದಕ್ಕೂ ಮೊದಲು ನನಗೆ ಬಳಗದವರ ಊರುಗಳು. ಹಾನಗಲ್ಲ ತಾಲೂಕಿನ ಪಡುವಣ ಅಂಚಿನ ಹಳ್ಳಿ ನನ್ನ ತವರು. ಅವ್ವನ ತವರು ಸವಣೂರು. ಅಕ್ಕನನ್ನು ಕೊಟ್ಟದ್ದು ಹಿರೇಕೆರೂರು ಕಡೆ. ಹೈಸ್ಕೂಲಿಗೆ ನಾನಿದ್ದದ್ದು ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ, ಸೋದರತ್ತೆಯ ಮನೆಯಲ್ಲಿ. ಆಗ ಇದೆಲ್ಲ ಧಾರವಾಡ ಜಿಲ್ಲೆ; ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮದುವೆ, ಬಾಣಂತನ, ಜಾತ್ರೆ ಎಂದು ಕೆಂಪು ಬಸ್ಸಿನಲ್ಲಿ ಓಡಾಡುವಾಗಲೇ ನೆಲ ಬದಲಾಗುವುದು ಕಣ್ಣಿಗೆ ಬೀಳುತ್ತಿತ್ತು. ಮುಂಡಗೋಡದ ಗಡಿಯಲ್ಲಿ ತೇಗ, ಮತ್ತಿ, ಬಿದಿರು. ಹಾನಗಲ್ಲ ಬರುವಷ್ಟರಲ್ಲಿ ಭತ್ತದ ಗದ್ದೆ, ಮಾವಿನ ತೋಪು, ಊರಿಗೊಂದೆರಡು ಕೆರೆ. ಸವಣೂರು ಹತ್ತಿರವಾದ ಹಾಗೆ ಎರೆ ಹೊಲ, ಜಾಲಿ, ಬೇವು. ಎರಡು ತಾಸಿನ ದಾರಿಯಲ್ಲಿ ಮಳೆ ಅರ್ಧದಷ್ಟಾಗುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ಸಂದಿಗೆ ಎರಡೂ ಕಡೆಯ ಪ್ರಾಣಿಗಳು ಬಂದು ಹೋಗುತ್ತವೆ.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನಾನು ಪ್ರಾಣಿಶಾಸ್ತ್ರ ಓದಿದ 1980ರ ದಶಕದ ಆರಂಭದಲ್ಲಿ ಪ್ರಾಣಿ ಎಂದರೆ ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ ಮಲಗಿಸಿದ ಕಪ್ಪೆ. ಬದುಕಿರುವ ಪ್ರಾಣಿಯನ್ನು ಅದು ಇರುವಲ್ಲೇ ನೋಡಿ ಲೆಕ್ಕ ಇಡುವ ಶಾಸ್ತ್ರವೊಂದಿದೆ ಎಂದು ಗೊತ್ತಾದದ್ದು ಗ್ರಂಥಾಲಯದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಳೆಯ ಸಂಚಿಕೆಗಳನ್ನು ತಿರುವುವಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಹತ್ತು ವರ್ಷವಾಗಿತ್ತು. ಡೆಹ್ರಾಡೂನಿನಲ್ಲಿ ವನ್ಯಜೀವಿ ಸಂಸ್ಥೆ 1982ರಲ್ಲಿ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರು ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟುತ್ತಿದ್ದರು. ಹುಲಿ, ಆನೆ ಎಂದರೆ ದುಡ್ಡೂ ಸಿಗುತ್ತಿತ್ತು, ಜೀಪೂ ಸಿಗುತ್ತಿತ್ತು. ನಾನೂ ಬಂಡೀಪುರದ ಒಂದು ಯೋಜನೆಯಲ್ಲಿ ಸಹಾಯಕಿಯಾಗಿ ಕೆಲವು ವರ್ಷ ಕಳೆದೆ. ಆಮೇಲೆ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿ ಊರ ಹತ್ತಿರ ಬಂದೆ. ರಜೆ, ಶನಿವಾರ, ಭಾನುವಾರಗಳ ಸಂಶೋಧನೆ. ಹೆಣ್ಣುಮಗಳು ಕೊರಳಿಗೆ ದುರ್ಬೀನು ಹಾಕಿಕೊಂಡು ಹೊಲ ಹೊಲ ತಿರುಗಿದರೆ ಜನ ಏನೆನ್ನುತ್ತಿದ್ದರು ಎಂಬುದನ್ನು ಎಲ್ಲರೂ ಊಹಿಸಬಲ್ಲರು, ಅದನ್ನು ಬರೆಯುವುದಿಲ್ಲ.

ಮೊದಲು ಆನೆಯ ಮಾತು. ಯಲ್ಲಾಪುರ, ಮುಂಡಗೋಡದ ಕಾಡುಗಳಲ್ಲಿ ತಿರುಗುವ ಆನೆಗಳು ಭತ್ತ ಹಾಲುಗಟ್ಟುವ ಹೊತ್ತಿಗೆ ಮೂಡಣಕ್ಕೆ ಇಳಿಯುತ್ತವೆ. ಶಿಗ್ಗಾಂವಿ ತಾಲೂಕಿನ ದುಂಡಶಿ, ತಡಸದ ಕಡೆಗೂ ಬರುತ್ತವೆ, ಹಾನಗಲ್ಲಿನ ಪಶ್ಚಿಮದ ಹಳ್ಳಿಗಳಿಗೂ ಬರುತ್ತವೆ. ನಮ್ಮದು ಹೆಚ್ಚಾಗಿ ಕೂರಿಗೆ ಭತ್ತದ ಸೀಮೆ. ಮುಂಗಾರಿನ ಮೊದಲ ಹದಕ್ಕೆ ಕೂರಿಗೆ ಹೂಡಿ ಬಿತ್ತಿದ ಭತ್ತ ದೀಪಾವಳಿಯ ಆಚೀಚೆ ತೆನೆ ಬಾಗುತ್ತದೆ. ಊರೊಳಗೆ ಹೋರಿಗೆ ಕೊಬ್ಬರಿ ಸರ ಕಟ್ಟುವ ಸಡಗರ, ಊರ ಹೊರಗೆ ಅಟ್ಟದ ಮೇಲೆ ರಾತ್ರಿ ಕಾವಲು, ಎರಡೂ ಒಂದೇ ವಾರದಲ್ಲಿ. ನಮ್ಮ ಮನೆಯಲ್ಲಿ ಪಟಾಕಿಯನ್ನು ಎರಡು ಪಾಲು ಮಾಡುತ್ತಿದ್ದರು. ಸುರುಸುರುಬತ್ತಿ, ಕುಡಿಕೆ ಮಕ್ಕಳಿಗೆ. ಗರ್ನಾಲು ಆನೆಗೆ.

ಕಾವಲಿನ ರಾತ್ರಿಯಲ್ಲಿ ಆನೆ ಕಾಣುವುದು ಕಡಿಮೆ. ಮೊದಲು ಕೇಳಿಸುವುದು ಭತ್ತ ಕಿತ್ತು ಮುಂಗಾಲಿಗೆ ಬಡಿದು ಮಣ್ಣು ಉದುರಿಸುವ ಸದ್ದು. ಆಮೇಲೆ ಯಾವುದೋ ಅಟ್ಟದಿಂದ ಡಬ್ಬಿ ಬಾರಿಸುತ್ತಾರೆ, ಇನ್ನೊಂದು ಅಟ್ಟದವರು ಅದನ್ನು ಎತ್ತಿಕೊಳ್ಳುತ್ತಾರೆ, ನಾಯಿಗಳು ಶುರುಮಾಡುತ್ತವೆ. ನನ್ನ ಕೆಲಸವೆಲ್ಲ ಬೆಳಗಾದ ಮೇಲಿನದು. ಕೆಸರಿನಲ್ಲಿ ಮೂಡಿದ ಹೆಜ್ಜೆಗಳಲ್ಲಿ ಮುಂಗಾಲಿನದು ದುಂಡಗೆ, ಹಿಂಗಾಲಿನದು ಉದ್ದಗೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಭುಜದ ಎತ್ತರ ಹೆಚ್ಚು ಕಡಿಮೆ ಸಿಗುತ್ತದೆ. ಲದ್ದಿಯ ಉಂಡೆಯ ಸುತ್ತಳತೆ ಪ್ರಾಯದ ಅಂದಾಜು ಕೊಡುತ್ತದೆ. ಉಂಡೆ ಬಿಡಿಸಿದರೆ ಜೀರ್ಣವಾಗದ ಭತ್ತದ ಹೊಟ್ಟು, ಬಿದಿರಿನ ನಾರು, ಒಮ್ಮೊಮ್ಮೆ ಇಡೀ ಕಾಳು. ದಾರ ಹಿಡಿದು ಹೆಜ್ಜೆಯ ಸುತ್ತ ಕುಕ್ಕರಗಾಲಿನಲ್ಲಿ ಕೂತಿದ್ದಾಗ ಹೊಲದ ಯಜಮಾನ, ನನಗೆ ವರಸೆಯಲ್ಲಿ ಕಾಕಾ, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಬಂದು ನಿಂತ.

"ಎತ್ತರ ಎಷ್ಟೈತಿ ಅಂತ ನೋಡಾಕತ್ತೇನಿ ಕಾಕಾ."

"ಎತ್ತರ ತಿಳಕೊಂಡು ಏನ್ ಮಾಡ್ತೀಯವ್ವಾ? ಅಂಗಿ ಹೊಲಸ್ತೀಯೇನು?"

ಊರು ಆ ಮಾತನ್ನು ಬಹಳ ದಿನ ಆಡಿಕೊಂಡು ನಕ್ಕಿತು. ಕಾಕಾನಿಗೆ ನಗು ಬಂದಿರಲಿಲ್ಲ. ಅವನ ಅರ್ಧ ಎಕರೆ ಹೋಗಿತ್ತು. ಆದರೆ ಆ ಅಳತೆಗಳಿಂದ ಸಿಕ್ಕ ಉತ್ತರ ಅವನಿಗೂ ಬೇಕಾದದ್ದೇ ಆಗಿತ್ತು. ಹತ್ತಿಪ್ಪತ್ತರ ಹಿಂಡು ಬಂದಿದೆ ಎಂದು ಊರವರು ಹೇಳುತ್ತಿದ್ದ ಎಷ್ಟೋ ರಾತ್ರಿಗಳಲ್ಲಿ ಬಂದದ್ದು ಒಂದೋ ಎರಡೋ ದೊಡ್ಡ ಗಂಡಾನೆ. ಅವೇ ಹೆಜ್ಜೆಗಳು ಇವತ್ತು ಇವರ ಹೊಲದಲ್ಲಿ, ನಾಳೆ ಎರಡು ಹಳ್ಳಿ ಆಚೆ. ಚಾಮರಾಜನಗರ, ಸತ್ಯಮಂಗಲದ ಸೀಮೆಯಲ್ಲಿ ಆರ್. ಸುಕುಮಾರ್ ಅವರು ವರ್ಷಗಟ್ಟಲೆ ಅಧ್ಯಯನ ಮಾಡಿ 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಮಾತಿದೆ: ಬೆಳೆಗೆ ನುಗ್ಗುವುದರಲ್ಲಿ ಹಿಂಡಿನ ಹೆಣ್ಣಾನೆಗಳಿಗಿಂತ ಪ್ರಾಯದ ಗಂಡಾನೆಗಳೇ ಬಹಳ ಮುಂದು. ಇನ್ನೊಂದು ಮಾತೂ ಇದೆ. ಕಾಡಿನ ಹುಲ್ಲಿಗಿಂತ ಭತ್ತ, ರಾಗಿಯಲ್ಲಿ ಪ್ರೋಟೀನು ಹೆಚ್ಚು, ಸೋಡಿಯಂ, ಕ್ಯಾಲ್ಸಿಯಂ ಹೆಚ್ಚು. ಕಾಡಿನಲ್ಲಿ ಮೇವಿಲ್ಲದೆ ಹಸಿದು ಬರುತ್ತವೆ ಎಂದು ಪೇಟೆಯಲ್ಲಿ ಕೂತು ಬರೆಯುವುದು ಸುಲಭ. ಕಾಡು ತುಂಬಿಕೊಂಡಿರುವ ವರ್ಷವೂ ಅವು ನಮ್ಮಲ್ಲಿಗೆ ಬಂದಿವೆ. ಒಳ್ಳೆಯ ಊಟ ಎಲ್ಲಿದೆ ಎಂದು ಅವಕ್ಕೆ ಗೊತ್ತು.

ಪರಿಹಾರದ ಅರ್ಜಿಯಲ್ಲಿ ಆನೆ ತಿಂದ ಬೆಳೆಯ ವಿಸ್ತೀರ್ಣವನ್ನು ಗುಂಟೆಯಲ್ಲಿ ಬರೆಯಬೇಕು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು, ತುಳಿದದ್ದಕ್ಕಿಂತ ನಿದ್ದೆಗೆಟ್ಟದ್ದು ಹೆಚ್ಚು. ನಿದ್ದೆಗೆ ಅರ್ಜಿಯಲ್ಲಿ ಜಾಗವಿಲ್ಲ. ಕಾವಲಿಗೆ ಹೋಗುವ ಮನೆಗಳಲ್ಲಿ ಗಂಡಸರು ಹಗಲು ಮಲಗುತ್ತಿದ್ದರು, ಹೆಂಗಸರು ಎರಡಾಳಿನ ಕೆಲಸ ಮಾಡುತ್ತಿದ್ದರು; ಅದು ಯಾವ ಸಂಶೋಧನಾ ಪ್ರಬಂಧದ ಕೋಷ್ಟಕದಲ್ಲೂ ಬಂದದ್ದನ್ನು ಆಗ ನಾನು ನೋಡಿರಲಿಲ್ಲ. ಈಚೆಗೆ ಹಾನಗಲ್ಲಿನ ಎಷ್ಟೋ ಗದ್ದೆಗಳು ಗೋವಿನಜೋಳವಾಗಿವೆ, ಅಡಿಕೆ ತೋಟವಾಗಿವೆ. ಭತ್ತ ತುಳಿದರೆ ಹೋಗುವುದು ಒಂದು ವರ್ಷದ ಬೆಳೆ. ನಾಲ್ಕು ವರ್ಷ ನೀರುಣಿಸಿದ ಅಡಿಕೆ ಗಿಡ ಮುರಿದರೆ ಸಿಟ್ಟಿನ ಅಳತೆಯೇ ಬೇರೆ. ಆನೆಯನ್ನು ಗಣಪ್ಪ ಎಂದು ಕರೆಯುತ್ತಿದ್ದ ಊರಿನಲ್ಲಿ ಈಗ ಆ ಹೆಸರು ಕಡಿಮೆ ಕೇಳುತ್ತದೆ.

ತೋಳದ ಕಥೆ ಇದಕ್ಕೆ ಪೂರಾ ಉಲ್ಟಾ. ಆನೆಗೆ ಕಾಡಿನ ಬೆನ್ನಾಸರೆ ಬೇಕು. ತೋಳಕ್ಕೆ ಬೇಕಾದದ್ದು ಬಯಲು, ಮಟ್ಟಿ, ಹಳ್ಳದ ದಂಡೆ. ಸವಣೂರಿನ ಮೂಡಲಿಗೂ ಹಿರೇಕೆರೂರಿನಿಂದ ರಾಣೆಬೆನ್ನೂರಿನ ಕಡೆಗೂ ಕುರುಚಲು ಗುಡ್ಡಗಳಿವೆ, ಗೋಮಾಳಗಳಿವೆ. ಕಂದಾಯದ ಕಾಗದದಲ್ಲಿ ಇವು ಖರಾಬು, ಯೋಜನೆ ಬರೆಯುವವರ ನಕಾಶೆಯಲ್ಲಿ ಬಂಜರು. ಮಳೆ ಬಿದ್ದ ತಿಂಗಳಲ್ಲಿ ಅಲ್ಲಿ ಎಷ್ಟು ಜಾತಿಯ ಹುಲ್ಲು ಏಳುತ್ತದೆ ಎಂಬುದನ್ನು ಕುರಿ ಕಾಯುವವರನ್ನು ಕೇಳಬೇಕು. ಯಾವ ಹುಲ್ಲು ಯಾವ ವಾರ ಕುರಿಗೆ ರುಚಿ ಎನ್ನುವವರೆಗೂ ಹೇಳುತ್ತಾರೆ.

ತೋಳವನ್ನು ಕಣ್ಣಿನಿಂದ ನೋಡಿ ಅದರ ಆಹಾರ ತಿಳಿಯಲಾಗದು. ಹಿಕ್ಕೆ ಆರಿಸಬೇಕು. ಕಾಲುದಾರಿಯ ಕೂಡುಗಳಲ್ಲಿ, ಎತ್ತರದ ಕಲ್ಲಿನ ಮೇಲೆ ಅದು ಬೇಕೆಂದೇ ಬಿಟ್ಟು ಹೋದ ಹಿಕ್ಕೆಯನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ಜಾಗ ತಾರೀಖು ಬರೆದು ತರಬೇಕು. ಸಣ್ಣ ಜರಡಿಯಲ್ಲಿಟ್ಟು ತೊಳೆದರೆ ಕೂದಲು, ಎಲುಬಿನ ಚೂರು, ಗೊರಸಿನ ತುಣುಕು ಉಳಿಯುತ್ತವೆ. ಅವನ್ನು ಬಿಸಿಲಿಗೆ ಒಣಗಿಸಬೇಕು. ರಜೆಯಲ್ಲಿ ನಾನು ಒಣಗಿಸುತ್ತಿದ್ದದ್ದು ನಮ್ಮ ಮನೆಯ ಮಾಳಿಗೆಯ ಮೇಲೆ, ಅವ್ವ ಸಂಡಿಗೆ ಇಡುತ್ತಿದ್ದ ಜಾಗದಲ್ಲಿ. "ನಿನ್ನ ತ್ವಾಳದ್ದು ಆ ಕಡೀ ಮೂಲಿಗೆ, ನನ್ನ ಸಂಡಿಗಿ ಈ ಕಡೀ ಮೂಲಿಗೆ. ಗಾಳಿ ಬೀಸಿದ್ರ ನೋಡು ಮತ್ತ" ಎಂದು ಅವ್ವ ಗೆರೆ ಹಾಕಿಕೊಟ್ಟಿದ್ದಳು. ಆಮೇಲಿನ ಕೆಲಸಕ್ಕೆ ಬಣ್ಣವಿಲ್ಲದ ಉಗುರುಬಣ್ಣ ಬೇಕು. ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಬಳಿದು, ಅದು ಆರುವ ಮೊದಲು ಒಂದು ಕೂದಲನ್ನು ಒತ್ತಿ, ಆರಿದ ಮೇಲೆ ಎಳೆದು ತೆಗೆದರೆ ಕೂದಲಿನ ಹೊರಮೈಯ ಪದರಗಳ ಅಚ್ಚು ಉಳಿಯುತ್ತದೆ. ಸೂಕ್ಷ್ಮದರ್ಶಕದಡಿ ಕುರಿಯ ಉಣ್ಣೆಯ ಎಳೆ ತೆಳುವಾಗಿ, ಅಂಕುಡೊಂಕಾಗಿ ಕಾಣುತ್ತದೆ. ಚಿಗರಿಯ ಕೂದಲು ದಪ್ಪ, ನೆಟ್ಟಗೆ, ಒಳಗಿನ ತಿರುಳು ಅಗಲ. ಹೀಗೆ ಒಂದೊಂದನ್ನೂ ಗುರುತಿಸಿ ಬರೆದರೆ ಪಟ್ಟಿಯಾಗುತ್ತದೆ: ಕುರಿ, ಆಡು, ಮೊಲ, ಇಲಿ, ಅಪರೂಪಕ್ಕೆ ಚಿಗರಿ. ಉಗುರಿಗೆ ಎಂದೂ ಬಣ್ಣ ಹಚ್ಚದ ಉಪನ್ಯಾಸಕಿ ಸವಣೂರಿನ ಪೇಟೆಯಲ್ಲಿ ಉಗುರುಬಣ್ಣ ಕೊಳ್ಳುವುದನ್ನು ನೋಡಿದ ಬಳಗದವರು ಗಂಡು ನೋಡುವುದು ನಡೆದಿದೆ ಎಂದೇ ತಿಳಿದರು.

ಪಟ್ಟಿಯಲ್ಲಿ ಕುರಿ ಎಂದು ಎದ್ದು ಕಂಡ ಮೇಲೆ ಕುರಿಯ ಯಜಮಾನರ ಬಳಿ ಹೋಗದಿರುವುದು ಹೇಗೆ? ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದ್ದ ಒಬ್ಬ ಹಿರಿಯರು ದಡ್ಡಿಯ ಹೊರಗೆ ಕಂಬಳಿ ಹಾಸಿ ಕೂರಿಸಿದರು. ಆ ವರ್ಷ ಹೋದ ಕುರಿಗಳ ಲೆಕ್ಕವನ್ನು ಬೆರಳು ಮಡಿಸುತ್ತ ಹೇಳಿದರು. ಲಾರಿಗೆ ಸಿಕ್ಕವು, ಕಳವಾದವು, ಬ್ಯಾನಿಗೆ ಹೋದವು, ಕಡೆಗೆ ತೋಳ. ತೋಳದ್ದೇ ಸಣ್ಣ ಲೆಕ್ಕ.

"ಹಂಗಾದ್ರ ತ್ವಾಳದ ಮ್ಯಾಗ ಯಾಕ ಇಷ್ಟು ಸಿಟ್ಟು ಮುತ್ಯಾ?" ಎಂದೆ.

"ಹಿರೇಬ್ಯಾನಿ ಬಂದ್ರ ಮಂದಿಗೆ ಮಂದಿನ ಹೋಗತೈತಿ ಯವ್ವಾ. ಆದ್ರ ಬ್ಯಾನಿಗೆ ಕಲ್ಲು ಒಗ್ಯಾಕ ಬರಂಗಿಲ್ಲಲ್ಲ."

ಮಾನವ ಮತ್ತು ವನ್ಯಜೀವಿ ಸಂಘರ್ಷ ಎಂಬ ವಿಷಯದ ಮೇಲೆ ನಾನು ಕೇಳಿದ ಉಪನ್ಯಾಸಗಳಲ್ಲಿ ಇದಕ್ಕಿಂತ ಖಚಿತವಾದದ್ದು ನೆನಪಿಲ್ಲ. ಆಮೇಲೆ ನಾನು ಕೊಟ್ಟ ಸಲಹೆಗಳಲ್ಲಿ ತೋಳದ ಹೆಸರಿಗಿಂತ ಹಿರೇಬೇನೆಯ ಲಸಿಕೆಯ ಹೆಸರೇ ಮೊದಲು ಬರುತ್ತಿತ್ತು. ಲಸಿಕೆ ಬಿದ್ದ ಮಂದೆಯ ಯಜಮಾನ ತೋಳ ಒಯ್ದ ಒಂದು ಕುರಿಗೆ ವಿಷ ಇಡುವುದಿಲ್ಲ ಎಂಬುದು ನನ್ನ ನಂಬಿಕೆ. ಹಣ ಕೇಳಿ ಬರೆದ ಪ್ರಸ್ತಾವವೊಂದು ತಿರುಗಿ ಬಂತು. ಆ ಪ್ರದೇಶ ಯಾವ ಅಭಯಾರಣ್ಯದಲ್ಲೂ ಇಲ್ಲ, ಲಸಿಕೆ ಪಶುವೈದ್ಯರ ಬಾಬತ್ತು ಎಂದು ಎರಡು ಸಾಲಿನ ಉತ್ತರ. ತೋಳಕ್ಕೇ ಮೀಸಲಾದ ಧಾಮವೊಂದು ನಮ್ಮ ರಾಜ್ಯದಲ್ಲಿ ಈಗ ಆಗಿದೆ. ಅದೂ ಬಂಕಾಪುರದಲ್ಲೇ, ಆದರೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರ. ಪತ್ರಿಕೆಯಲ್ಲಿ ಹೆಸರು ಓದಿ ನನಗೆ ಅಭಿನಂದನೆ ಹೇಳಲು ಫೋನ್ ಮಾಡಿದವರಿದ್ದಾರೆ.

ಬಯಲಿನ ಮಾತು ಬಂದರೆ ರಾಣೆಬೆನ್ನೂರನ್ನು ಬಿಟ್ಟು ಮುಂದೆ ಹೋಗಲಾಗದು, ಅದು ನನ್ನ ನಾಲ್ಕು ತಾಲೂಕುಗಳ ಆಚೆಗಿದ್ದರೂ. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ಚಿಗರಿಗಳ ಅಭಯಾರಣ್ಯವಾಯಿತು. ಅದೇ ಬಯಲಿನಲ್ಲಿ ಎರೆಭೂತ ಹಕ್ಕಿಯೂ ಇತ್ತು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಅದನ್ನು ಅಲ್ಲಿ ಅಭ್ಯಾಸ ಮಾಡಿ 1980ರ ಹೊತ್ತಿಗೆ ಬರೆದರು. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿಗೆ ದೂರದವರೆಗೂ ಕಣ್ಣು ಹಾಯುವ ಹುಲ್ಲುಗಾವಲು ಬೇಕು. ಆದರೆ ಅರಣ್ಯ ಎಂದ ಮೇಲೆ ಮರ ಇರಲೇಬೇಕಲ್ಲ? ಅಲ್ಲಿ ನೀಲಗಿರಿ ನೆಡುತೋಪುಗಳು ಎದ್ದಿದ್ದವು. ಚಿಗರಿ ಅದಕ್ಕೂ ಹೊಂದಿಕೊಂಡಿತು. ಹಗಲು ನೀಲಗಿರಿಯ ನೆರಳಲ್ಲಿ ನಿಂತು ಸಂಜೆ ಹೊಲಕ್ಕೆ ಇಳಿಯುವುದನ್ನು ಕಲಿತಿತು. ಎರೆಭೂತ ಕಲಿಯಲಿಲ್ಲ. ಇವತ್ತು ಇಡೀ ದೇಶದಲ್ಲಿ ಆ ಹಕ್ಕಿ 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ಪರಿಸರ ದಿನದಂದು ಬಯಲಿನಲ್ಲಿ ಸಸಿ ನೆಡಲು ಕರೆದಾಗೆಲ್ಲ ನಾನು ನೆಪ ಹೇಳಿ ತಪ್ಪಿಸಿಕೊಂಡಿದ್ದೇನೆ. ಕಾರಣ ವಿವರಿಸಲು ಹೋದರೆ ಹಾರ ತಂದವರಿಗೆ ಬೇಸರವಾಗುತ್ತದೆ.

ಇನ್ನು ನಮ್ಮ ಬಂಕಾಪುರ. ರಾಷ್ಟ್ರಕೂಟರ ಕಾಲದ ಬಂಕೆಯನ ಹೆಸರಿನ ಊರು. ಕೋಟೆಯೊಳಗೆ ನಗರೇಶ್ವರನ ಗುಡಿ, ನಮ್ಮ ಬಾಯಲ್ಲಿ ಅರವತ್ತು ಕಂಬದ ಗುಡಿ. ಕೋಟೆಯ ಸುತ್ತ ಕಂದಕ, ಕಂದಕದ ತುಂಬ ಮರ, ಮುಳ್ಳುಕಂಟಿ. ಒಳಗಿನ ನೆಲ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರದ್ದು. ದನಗಳಿಗೆ ಮೇವು ಬೆಳೆಯುತ್ತಾರೆ. ಇದನ್ನೆಲ್ಲ ಯಾರೂ ನವಿಲಿಗಾಗಿ ಮಾಡಿದ್ದಲ್ಲ. ಆದರೆ ರಾತ್ರಿ ಕೂರಲು ಎತ್ತರದ ಮರ, ಮೊಟ್ಟೆಗೆ ಕಂಟಿಯ ಮರೆ, ಹಗಲಿಗೆ ಬಯಲು, ಬಾಯಿಗೆ ಕಾಳು ಮತ್ತು ಹುಳ, ಇಷ್ಟೂ ಒಂದೇ ಆವರಣದಲ್ಲಿ ಸಿಕ್ಕರೆ ನವಿಲಿಗೆ ಇನ್ನೇನು ಬೇಕು? 2006ರಲ್ಲಿ ಕೋಟೆಯ 139 ಎಕರೆಯನ್ನು ನವಿಲುಧಾಮವೆಂದು ಘೋಷಿಸಿದರು. ನಾನು ಹೈಸ್ಕೂಲಿನಲ್ಲಿದ್ದಾಗ ಅದು ಬರಿಯ ಕಿಲ್ಲೆ. ಅತ್ತೆ ನಸುಕಿನಲ್ಲಿ ನವಿಲು ಕೂಗಿದ ಮೇಲೆ ಒಲೆ ಹೊತ್ತಿಸುತ್ತಿದ್ದಳು. ಗಡಿಯಾರ ಮನೆಯಲ್ಲಿತ್ತು, ಅದನ್ನು ನಂಬುತ್ತಿರಲಿಲ್ಲ.

ಮುಂದೆ ನನ್ನ ವಿದ್ಯಾರ್ಥಿಗಳನ್ನು ಎಣಿಕೆ ಕಲಿಸಲು ಕರೆದುಕೊಂಡು ಹೋದದ್ದೂ ಅಲ್ಲಿಗೇ. ಹಗಲು ಓಡಾಡುವ ನವಿಲನ್ನು ಎಣಿಸಿದರೆ ಒಂದನ್ನೇ ಮೂರು ಸಲ ಎಣಿಸುವ ಭಯ. ಸಂಜೆ ಅವು ಮರ ಏರುವಾಗ, ಮರಕ್ಕೊಬ್ಬರಂತೆ ಕೂತು ಎಣಿಸಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ತನ್ನ ಉದ್ದ ಗರಿಗಳನ್ನು ತಾನೇ ಉದುರಿಸುತ್ತದೆ. ಹಾಗೆ ಉದುರಿದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು, ಮಾರಲು 1972ರ ಕಾಯ್ದೆಯಲ್ಲೇ ವಿನಾಯಿತಿ ಇದೆ. ನವಿಲನ್ನು ಕೊಂದರೆ ಜೈಲು. ಎರಡೂ ಗರಿ ಒಂದೇ ಥರ ಕಾಣುತ್ತವೆ. ಉದುರಿದ ಗರಿಯ ಬುಡ ನಯವಾಗಿ, ಒಣಗಿ, ಬೆಳ್ಳಗಿರುತ್ತದೆ. ಕಿತ್ತದ್ದಾದರೆ ಬುಡದಲ್ಲಿ ರಕ್ತದ ಕಲೆ, ಚರ್ಮದ ಚೂರು ಇರುತ್ತದೆ. ಅದಕ್ಕೇ ಕಳ್ಳ ವ್ಯಾಪಾರಿ ಮೊದಲು ಕತ್ತರಿಸುವುದು ಬುಡವನ್ನೇ. ಜಾತ್ರೆಯಲ್ಲಿ ಬುಡ ಕತ್ತರಿಸಿದ ಗರಿಯ ಕಟ್ಟು ಕಂಡರೆ ಕೇಳಿ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಒಬ್ಬ ಹುಡುಗ ನಿಜವಾಗಿಯೂ ಕೇಳಿ ಬೈಸಿಕೊಂಡು ಬಂದ.

ಧಾಮವಾದ ಮೇಲೆ ಸುತ್ತಲಿನ ರೈತರ ದೂರು ಹೆಚ್ಚಾಯಿತು. ಬಿತ್ತಿದ ಶೇಂಗಾ ಬೀಜವನ್ನು ಸಾಲು ಹಿಡಿದು ಕೆದರುತ್ತವೆ, ಮೊಳಕೆ ಚಿವುಟುತ್ತವೆ. ನವಿಲು ಗೋಡೆಯೊಳಗೆ ಕೂರುವ ಹಕ್ಕಿಯಲ್ಲ. ಕೋಟೆ ಅದರ ಮಲಗುವ ಮನೆ, ಊಟದ ಮನೆ ರೈತರ ಹೊಲ. ಸರಕಾರ ಮಲಗುವ ಮನೆಗೆ ಮಾತ್ರ ಬೋರ್ಡು ಹಾಕಿದೆ.

ಸವಣೂರಿನ ಹಂಗು ಬೇರೆ, ಅದು ರಾತ್ರಿಯದ್ದು. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಮೂರು ದೊಡ್ಡಹುಣಸೆ (ಬಾವೊಬಾಬ್) ಮರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ನೆಟ್ಟವನು ಕೃಷ್ಣ ಎಂದು ಮಠದ ಸುತ್ತಲಿನವರು, ಆಫ್ರಿಕಾದಿಂದ ಬಂದವರು ಎಂದು ಪುಸ್ತಕದವರು. ಭಾರತದ ಈ ಜಾತಿಯ ಮರಗಳ ಮೂಲ ಆಫ್ರಿಕಾ ಎಂದು ಜೀನ್ ಪರೀಕ್ಷೆಗಳೂ ಹೇಳುತ್ತವೆ. ನನಗೆ ಬೇಕಾದದ್ದು ಅದರ ಹೂವು. ಇಳಿಬಿದ್ದ ಉದ್ದ ತೊಟ್ಟಿನ ತುದಿಯಲ್ಲಿ ಬಿಳಿ ಹೂವು ಸಂಜೆಗತ್ತಲಲ್ಲಿ ಅರಳುತ್ತದೆ. ಅಜ್ಜಿಯ ಮನೆಗೆ ಹೋದಾಗ ಚಾದರ ಹೊದ್ದು ಕೂತು ನೋಡಿದ್ದೇನೆ. ಬಾವಲಿ ಬಂದು ಹೂವಿಗೆ ಜೋತು ಬಿದ್ದು ಮುಖವನ್ನು ಕೇಸರಗಳಲ್ಲಿ ಒತ್ತಿ, ಕ್ಷಣದಲ್ಲಿ ಬಿಟ್ಟು ಹೋಗುತ್ತದೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿರಬೇಕು, ಇಲ್ಲದಿದ್ದರೆ ಬರುವುದಿಲ್ಲ. ಬೆಳಗಾಗುವಷ್ಟರಲ್ಲಿ ಹೂವು ಬಾಡಿ ನೆಲಕ್ಕೆ. ಆಗ ಮೂಗಿಗೆ ಹಿಡಿದರೆ ಹಳಸಿದ ವಾಸನೆ. ಸಮುದ್ರದಾಚೆಯ ಮರ, ಇಲ್ಲಿಯ ಬಾವಲಿ, ಮಠದ ಅಂಗಳ. ಇದನ್ನು ಯಾವ ಜಾತಿಯ ಅರಣ್ಯ ಎಂದು ವರ್ಗೀಕರಿಸುವುದು?

ಹಣ್ಣು ತಿನ್ನುವ ಬಾವಲಿಯನ್ನು ನಮ್ಮ ಕಾಯ್ದೆ ಐವತ್ತು ವರ್ಷ ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. ಯಾರು ಬೇಕಾದರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು, ಅದು ಜಾರಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಮಳೆಗಾಲದಲ್ಲಿ ಮಠದ ಮೂರರಲ್ಲೊಂದು ಮರ ಬುಡಸಮೇತ ಉರುಳಿತು. ಊರು ಅದನ್ನು ಕಟ್ಟಿಗೆ ಮಾಡಲಿಲ್ಲ. ಯಂತ್ರಗಳನ್ನು ತರಿಸಿ ಎತ್ತಿ ನಿಲ್ಲಿಸಿ ಮರುನಾಟಿ ಮಾಡಿದರು. ಸಂರಕ್ಷಣೆಯ ತರಬೇತಿ ಕೊಡಲು ಎಲ್ಲೆಲ್ಲಿಗೋ ಹೋಗಿ ಬಂದಿದ್ದೇನೆ, ಸವಣೂರಿಗೆ ಎಂದೂ ಯಾರೂ ಕೊಟ್ಟಿರಲಿಲ್ಲ.

ನಿವೃತ್ತಿಯಾದ ಮೇಲೆ ಹೆಚ್ಚಾಗಿ ಇರುವುದು ಹಿರೇಕೆರೂರು ತಾಲೂಕಿನಲ್ಲಿ, ಅಕ್ಕನ ಊರಿನಲ್ಲಿ. ಅದು ಕೆರೆಗಳ ಸೀಮೆ. ಜನಪದ ಹಾಡಿನದೆಂದು ನಮ್ಮವರು ಹೇಳುವ ಮದಗದ ಕೆರೆ ಮಾಸೂರಿನ ಬಳಿ, ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡ ಕಟ್ಟಿದ್ದು. ಅದನ್ನು ನೋಡಲು ಜನ ಹೋಗುತ್ತಾರೆ. ನಾನು ಹೋಗುವುದು ಹಾಡಿಲ್ಲದ ಸಣ್ಣ ಕೆರೆಗಳಿಗೆ. ಬೇಸಿಗೆಯಲ್ಲಿ ಅಲ್ಲಿ ಹೂಳು ತೆಗೆಯುತ್ತಾರೆ. ಹೂಳು ಹೊಲಕ್ಕೆ ಒಳ್ಳೆಯದು, ಕೆರೆಗೂ ಒಳ್ಳೆಯದು, ನನ್ನ ತಕರಾರು ಅದಕ್ಕಲ್ಲ. ಮೊದಲೆಲ್ಲ ಸಲಿಕೆ, ಬುಟ್ಟಿಯಿಂದ ತೆಗೆದ ಕೆರೆಗೆ ಇಳಿಜಾರಾದ ಅಂಚು ಉಳಿಯುತ್ತಿತ್ತು. ಜೆಸಿಬಿಯಿಂದ ತೆಗೆದ ಕೆರೆ ನೇರ ಗೋಡೆಯ ತೊಟ್ಟಿಯಾಗುತ್ತದೆ. ಆಳದ ನೀರಿನಲ್ಲಿ ನೀರುಕಾಗೆ ಮುಳುಗಿ ಮೀನು ಹಿಡಿಯಬಲ್ಲದು. ನಡೆದಾಡಿ ಮೇಯುವ ಗೊರವ, ಉಲ್ಲಂಕಿ, ಮೆಟ್ಟುಗಾಲು ಹಕ್ಕಿಗೆ ಕಾಲೂರಲು ನೆಲ ಸಿಗಬೇಕು. ದನಗಳಿಗೂ ಅಷ್ಟೇ, ಆ ಗೋಡೆಯಿಂದ ನೀರಿಗೆ ಇಳಿಯಲಾಗದೆ ನಿಂತ ಎಮ್ಮೆಗಳನ್ನು ಅಲ್ಲಿ ದಿನಾ ನೋಡಬಹುದು. ಎಮ್ಮೆಯ ಮಾತು ಎತ್ತಿದ ಮೇಲೇ ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರು ನನ್ನ ಜೊತೆ ಕೆರೆಯ ಏರಿಯವರೆಗೆ ಬಂದದ್ದು.

"ಹಕ್ಕಿಗೆ ಎಷ್ಟು ಫೂಟ್ ನೀರು ಬೇಕ್ರಿ ಮೇಡಮ್ಮಾರ?"

"ಕೆಲವಕ್ಕ ಗೇಣು ಸಾಕು, ಕೆಲವಕ್ಕ ಚೋಟು."

ಅವರು ಸ್ವಲ್ಪ ಹೊತ್ತು ವಿಚಾರ ಮಾಡಿದರು. "ಗೇಣು ನೀರಿಗೆ ಬಿಲ್ ಆಗಂಗಿಲ್ರಿ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ತೆಗೆದ ಮಣ್ಣಿನ ಘನ ಅಳತೆಗೆ ದುಡ್ಡು ಬರುತ್ತದೆ, ಬಿಟ್ಟ ಮಣ್ಣಿಗೆ ಬರುವುದಿಲ್ಲ. ಕಡೆಗೆ ಆ ಕೆರೆಯ ಮೂಡಣ ಅಂಚು ಉಳಿಯಿತು. ನನ್ನ ಮಾತಿನಿಂದಲ್ಲ, ಅಲ್ಲಿ ಹೂಳು ಕಡಿಮೆ, ಮರಳು ಜಾಸ್ತಿ, ಹೊಲಕ್ಕೆ ಹಾಕಲು ಯಾವ ರೈತನೂ ಟ್ರ್ಯಾಕ್ಟರ್ ತರಲಿಲ್ಲ. ಮಳೆಗಾಲ ಕಳೆದ ಮೇಲೆ ಅಕ್ಕನ ಮೊಮ್ಮಗ ಅದೇ ಅಂಚಿನಿಂದ ಮೊಬೈಲಿನಲ್ಲಿ ಫೋಟೋ ಕಳಿಸಿ ಯಾವ ಹಕ್ಕಿ ಎಂದು ಕೇಳಿದ. ಮಸುಕಾಗಿತ್ತು, ಆದರೂ ಕೆಂಪು ಕಾಲು ಕಾಣುತ್ತಿತ್ತು. ಮೆಟ್ಟುಗಾಲು ಹಕ್ಕಿ, ಎಷ್ಟಿವೆ ಎಣಿಸು, ಎಮ್ಮೆ ಎಷ್ಟು ಇಳಿಯುತ್ತವೆ ಅದನ್ನೂ ಎಣಿಸು ಎಂದು ಬರೆದೆ. ಮುಂದಿನ ಬೇಸಿಗೆಗೆ ಆ ಅಂಚಿನ ಹೆಸರೂ ಕ್ರಿಯಾಯೋಜನೆಯಲ್ಲಿ ಸೇರಿದೆಯಂತೆ. ಗ್ರಾಮಸಭೆ ಯಾವಾಗ ಎಂದು ವಿಚಾರಿಸಿದ್ದೇನೆ. ಎಮ್ಮೆ ಕಟ್ಟಿದ ನಾಲ್ಕು ಮನೆಯವರನ್ನೂ ಕರೆದುಕೊಂಡು ಹೋಗುವುದೆಂದು ಅಕ್ಕ ಹೇಳಿದ್ದಾಳೆ.